ಆಟಗಾರನ ಕೈ, ಕಾನೂನಿನ ಕಣ್ಣು



ಹಗಲಿನಲ್ಲಿ ಸಾವಿರಾರು ಜನರ ಜಯಘೋಷಕ್ಕೆ ಪಾತ್ರನಾದ ಆಟಗಾರನೊಬ್ಬ ಅದೇ ದಿನದ ರಾತ್ರಿ ಕಳೆಯುವುದರೊಳಗೆ ಪೊಲೀಸರ ವಶದಲ್ಲಿರುವುದು ವಿಚಿತ್ರವೆನಿಸಬಹುದು. ಆದರೆ ಕ್ರಿಕೆಟ್ಟಿನ ಇತಿಹಾಸದಲ್ಲಿ ಇದು ಅಪೂರ್ವವಾದ ಸಂಗತಿಯೇನೂ ಅಲ್ಲ. ಇಂತಹ ಸುದ್ದಿ ಬಂದಾಗಲೆಲ್ಲ ನಾವು ಎರಡು ಪಕ್ಷಗಳಾಗಿ ಒಡೆಯುತ್ತೇವೆ. ಒಂದು ಪಕ್ಷಕ್ಕೆ ಆತ ಮೆಚ್ಚಿನ ವೀರ, ಆದ್ದರಿಂದ ತಪ್ಪು ಮಾಡಿರಲಾರ. ಇನ್ನೊಂದು ಪಕ್ಷಕ್ಕೆ ಆತ ಹಣ ಕೀರ್ತಿಗಳಿಂದ ಮತ್ತೇರಿದವನು, ಆದ್ದರಿಂದ ತಪ್ಪು ಮಾಡಿಯೇ ಇದ್ದಾನೆ. ನ್ಯಾಯಾಲಯವು ಈ ಎರಡೂ ಪಕ್ಷಗಳಿಗೆ ಸೇರಿದುದಲ್ಲ. ಅದು ಹೇಗೆ ನೋಡುತ್ತದೆ, ಎಷ್ಟನ್ನು ಮಾತ್ರ ನೋಡುತ್ತದೆ, ಅದರ ನೋಟಕ್ಕೆ ಸಿಗದೆ ಉಳಿಯುವುದೇನು ಎಂಬುದನ್ನು ಮೂರು ನಿಜವಾದ ಪ್ರಕರಣಗಳ ಮೂಲಕ ವಿವೇಚಿಸೋಣ.

ಮೊದಲನೆಯದು ಇಂಗ್ಲೆಂಡಿನದು. 2017ರ ಸೆಪ್ಟೆಂಬರ್ 24ರಂದು ಬ್ರಿಸ್ಟಲ್ ನಗರದಲ್ಲಿ ಇಂಗ್ಲೆಂಡ್ ತಂಡ ವೆಸ್ಟ್ ಇಂಡೀಸನ್ನು ಏಕದಿನ ಪಂದ್ಯದಲ್ಲಿ ಸೋಲಿಸಿತು. ಆ ರಾತ್ರಿ ವಿಹಾರಕ್ಕೆ ಹೊರಟ ಬೆನ್ ಸ್ಟೋಕ್ಸ್, ನಸುಕಿಗೆ ಮುನ್ನ ಸುಮಾರು ಎರಡೂವರೆ ಗಂಟೆಯ ಹೊತ್ತಿಗೆ ಬೀದಿಯಲ್ಲಿ ನಡೆದ ಹೊಡೆದಾಟವೊಂದರಲ್ಲಿ ಬಂಧಿತನಾದ. ಒಬ್ಬನ ಕಣ್ಣುಗೂಡಿನ ಮೂಳೆ ಮುರಿದಿತ್ತು. ಯಾರೋ ಮೊಬೈಲಿನಲ್ಲಿ ಸೆರೆಹಿಡಿದ ದೃಶ್ಯ ಲೋಕವನ್ನೆಲ್ಲ ಸುತ್ತಿತು. ಆ ಚಳಿಗಾಲದ ಆಷಸ್ ಸರಣಿಗೆ ಆಸ್ಟ್ರೇಲಿಯಾಕ್ಕೆ ಹೋಗಬೇಕಾಗಿದ್ದ ಉಪನಾಯಕ ಊರಿನಲ್ಲೇ ಉಳಿದ. 2018ರ ಜನವರಿಯಲ್ಲಿ ಬೀದಿಕಲಹದ ಆಪಾದನೆ ದಾಖಲಾಯಿತು; ಆಗಸ್ಟ್ ತಿಂಗಳಿನಲ್ಲಿ ವಿಚಾರಣೆ ನಡೆಯಿತು. ಸಲಿಂಗಿಗಳಾದ ಇಬ್ಬರನ್ನು ಕೆಲವರು ಹೀನಾಯವಾಗಿ ನಿಂದಿಸುತ್ತಿದ್ದರು, ಅವರ ರಕ್ಷಣೆಗಾಗಿ ತಾನು ನಡುವೆ ಬಂದೆ, ಬಳಿಕ ಆತ್ಮರಕ್ಷಣೆಗಾಗಿ ಕೈಯೆತ್ತಿದೆ ಎಂಬುದು ಸ್ಟೋಕ್ಸನ ವಾದ. ಆಗಸ್ಟ್ 14ರಂದು ಜ್ಯೂರಿ ಆತನನ್ನು ನಿರ್ದೋಷಿ ಎಂದು ಸಾರಿತು. ಆತನೊಡನೆ ಆರೋಪಿಗಳಾಗಿ ನಿಂತ ಇನ್ನಿಬ್ಬರೂ ಬಿಡುಗಡೆ ಹೊಂದಿದರು.

ಈ ವಾದ ನಮ್ಮ ನೆಲದ ಕಾನೂನಿಗೂ ಪರಕೀಯವಲ್ಲ. ತನ್ನ ದೇಹವನ್ನಷ್ಟೇ ಅಲ್ಲದೆ ಇನ್ನೊಬ್ಬರ ದೇಹವನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ಹಳೆಯ ಭಾರತೀಯ ದಂಡ ಸಂಹಿತೆ ಮಾನ್ಯ ಮಾಡಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಮಾನ್ಯ ಮಾಡಿದೆ. ಆದರೆ ಆ ಹಕ್ಕಿಗೆ ಒಂದು ಎಲ್ಲೆಯಿದೆ. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ. ಅದಕ್ಕಿಂತ ಹೆಚ್ಚಿನ ಪೆಟ್ಟು ರಕ್ಷಣೆಯೆನಿಸುವುದಿಲ್ಲ. ಎದುರಾಳಿ ನೆಲಕ್ಕೆ ಬಿದ್ದ ಮೇಲೆ, ಅಥವಾ ಹಿಂದೆ ಸರಿದ ಮೇಲೆ ಬೀಳುವ ಏಟು ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದೇ ಇಂತಹ ಮೊಕದ್ದಮೆಗಳ ತಿರುಳು. ಕುಡಿದಿದ್ದೆ, ಅರಿವಿರಲಿಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಬಲಾತ್ಕಾರದಿಂದಲೋ ತಿಳಿಯದಂತೆಯೋ ಇನ್ನೊಬ್ಬರು ಕುಡಿಸಿದ್ದಲ್ಲದೆ, ತಾನಾಗಿ ಏರಿಸಿಕೊಂಡ ಅಮಲು ಕಾನೂನಿನೆದುರು ರಕ್ಷಾಕವಚವಾಗದು.

ನ್ಯಾಯಾಲಯದ ತೀರ್ಪಿನಿಂದ ಸ್ಟೋಕ್ಸನ ಕಥೆ ಮುಗಿಯಲಿಲ್ಲ. 2018ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಶಿಸ್ತು ಆಯೋಗ, ಆಟಕ್ಕೆ ಅಪಕೀರ್ತಿ ತಂದ ದೋಷಕ್ಕಾಗಿ ಆತನಿಗೆ 30,000 ಪೌಂಡ್ ದಂಡವನ್ನೂ 8 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಆ ಪಂದ್ಯಗಳನ್ನು ಆತ ಆಗಲೇ ಕಳೆದುಕೊಂಡಿದ್ದ. ನಿರ್ದೋಷಿಗೆ ದಂಡವೇಕೆ ಎಂದು ಕೇಳಬಹುದು. ಕಾನೂನು ಕೇಳುವ ಪ್ರಶ್ನೆ ಬೇರೆ, ಕ್ರೀಡಾಸಂಸ್ಥೆ ಕೇಳುವ ಪ್ರಶ್ನೆ ಬೇರೆ. ಅಪರಾಧವು ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧವಾಯಿತೇ ಎಂದು ಕಾನೂನು ಕೇಳುತ್ತದೆ. ನಮ್ಮ ಅಂಗಿಯನ್ನು ತೊಟ್ಟವನಿಗೆ ಈ ನಡತೆ ಶೋಭಿಸುವುದೇ ಎಂದು ಸಂಸ್ಥೆ ಕೇಳುತ್ತದೆ. ಮುಂದೆ 2019ರ ಜುಲೈ 14ರಂದು ಲಾರ್ಡ್ಸ್ ಮೈದಾನದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ 84 ಓಟಗಳೊಡನೆ ಅಜೇಯನಾಗಿ ಉಳಿದವನು, 2022ರಲ್ಲಿ ಟೆಸ್ಟ್ ತಂಡದ ನಾಯಕನಾದವನು ಇವನೇ. ಪತನದಿಂದ ಮೇಲೇಳುವ ಅವಕಾಶ ಇವನಿಗೆ ದೊರೆಯಿತು, ಇವನು ಅದನ್ನು ವ್ಯರ್ಥಗೊಳಿಸಲಿಲ್ಲ.

ಎರಡನೆಯ ಪ್ರಕರಣ ಬೆಂಗಳೂರಿನ ಹೆಸರು ಹೊತ್ತ ತಂಡಕ್ಕೆ ಸೇರಿದ್ದು. 2012ರ ಮೇ ತಿಂಗಳಲ್ಲಿ ಐಪಿಎಲ್ ಪಂದ್ಯವೊಂದರ ನಿಮಿತ್ತ ತಂಡ ದೆಹಲಿಯಲ್ಲಿ ತಂಗಿತ್ತು. ಆಸ್ಟ್ರೇಲಿಯಾದ ಆಟಗಾರ ಲ್ಯೂಕ್ ಪೋಮರ್ಸ್‌ಬಾಕ್ ಹೋಟೆಲಿನಲ್ಲಿ ರಾತ್ರಿಯ ವೇಳೆ ಒಬ್ಬ ಮಹಿಳೆಯೊಡನೆ ಅನುಚಿತವಾಗಿ ವರ್ತಿಸಿ, ತಡೆಯಲು ಬಂದ ಆಕೆಯ ಭಾವೀ ಪತಿಯನ್ನು ಹೊಡೆದನೆಂಬ ದೂರಿನ ಮೇಲೆ ಬಂಧಿತನಾದ. ತಂಡ ಅವನನ್ನು ಅಮಾನತಿನಲ್ಲಿರಿಸಿತು. ಆದರೆ ದೂರುದಾರರು ಮೊಕದ್ದಮೆಯನ್ನು ಮುಂದುವರಿಸದಿರಲು ಒಪ್ಪಿ, ವಿಷಯ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ಆದ್ದರಿಂದ ಆ ಆರೋಪ ನಿಜವೆಂದಾಗಲಿ ಸುಳ್ಳೆಂದಾಗಲಿ ಯಾವ ನ್ಯಾಯಾಧೀಶರೂ ಹೇಳಲಿಲ್ಲ, ನಾವೂ ಹೇಳಲಾಗದು. ಸಾಧಾರಣ ಪೆಟ್ಟಿನ ಪ್ರಕರಣಗಳಲ್ಲಿ, ಪೆಟ್ಟು ತಿಂದವನು ಒಪ್ಪಿದರೆ ರಾಜಿಯಾಗಲು ನಮ್ಮ ದಂಡಪ್ರಕ್ರಿಯೆ ಅನುವು ಮಾಡಿಕೊಟ್ಟಿದೆ. ನೆರೆಹೊರೆಯ ಜಗಳಗಳು ತಲೆಮಾರಿನ ವೈರವಾಗದಿರಲೆಂಬ ಸದುದ್ದೇಶ ಇದರ ಹಿಂದಿದೆ. ಆದರೆ ಒಂದು ಪಕ್ಷ ಬಲಾಢ್ಯವಾಗಿ, ಇನ್ನೊಂದು ಪಕ್ಷ ಬಡತನದಲ್ಲಿದ್ದಾಗ ರಾಜಿಯೆಂಬುದು ಕ್ಷಮೆಯೋ ದಣಿವೋ ಎಂದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಮೂರನೆಯದು ಇವೆರಡಕ್ಕಿಂತ ಗಂಭೀರವಾದುದು. ಇದು ನಡುರಾತ್ರಿಯ ಪಾನಗೃಹದ ಜಗಳವಲ್ಲ, ರಸ್ತೆಯ ಜಗಳ. 1987ರ ವಿಶ್ವಕಪ್ಪಿನಲ್ಲಿ ಅರ್ಧಶತಕಗಳ ಸಾಲನ್ನೇ ಕಟ್ಟಿದ್ದ ನವಜೋತ್ ಸಿಂಗ್ ಸಿಧು, 1988ರ ಡಿಸೆಂಬರ್ 27ರಂದು ಪಟಿಯಾಲಾ ನಗರದಲ್ಲಿ ವಾಹನ ದಾಟಿಸುವ ವಿಷಯಕ್ಕೆ ಎದ್ದ ವಾಗ್ವಾದದಲ್ಲಿ 65 ವರ್ಷದ ವೃದ್ಧರೊಬ್ಬರ ಮೇಲೆ ಕೈಮಾಡಿದ. ಆ ವೃದ್ಧರು ಬದುಕಲಿಲ್ಲ. ಆಗ ಸಿಧುವಿಗೆ 25 ವರ್ಷ. 1999ರಲ್ಲಿ ಪಟಿಯಾಲಾದ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. 2006ರಲ್ಲಿ ಉಚ್ಚ ನ್ಯಾಯಾಲಯ 3 ವರ್ಷಗಳ ಸೆರೆವಾಸ ವಿಧಿಸಿತು. 2018ರ ಮೇ 15ರಂದು ಸರ್ವೋಚ್ಚ ನ್ಯಾಯಾಲಯ, ಸಾವಿಗೆ ಆತನೇ ಕಾರಣನೆಂಬ ಆಪಾದನೆಯನ್ನು ತಳ್ಳಿಹಾಕಿ, ಗಾಯಪಡಿಸಿದ ತಪ್ಪಿಗೆ 1,000 ರೂಪಾಯಿ ದಂಡವನ್ನಷ್ಟೇ ವಿಧಿಸಿತು. ಮೃತರ ಕುಟುಂಬ ಸುಮ್ಮನಾಗಲಿಲ್ಲ. ಪುನರ್ವಿಮರ್ಶೆಗೆ ಅರ್ಜಿ ಸಲ್ಲಿಸಿತು. 2022ರ ಮೇ 19ರಂದು ಅದೇ ನ್ಯಾಯಾಲಯ ದಂಡ ಸಾಲದೆಂದು 1 ವರ್ಷದ ಕಠಿಣ ಶಿಕ್ಷೆಯನ್ನು ವಿಧಿಸಿತು. ಸಿಧು ಮರುದಿನ ಶರಣಾಗಿ, 2023ರ ಏಪ್ರಿಲ್ 1ರಂದು ಬಿಡುಗಡೆ ಹೊಂದಿದ.

ಘಟನೆಯಿಂದ ಶಿಕ್ಷೆಯವರೆಗೆ 33 ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು. ಆ ಅವಧಿಯಲ್ಲಿ ಆಟಗಾರ ಬ್ಯಾಟನ್ನು ಕೆಳಗಿರಿಸಿ, ವೀಕ್ಷಕ ವಿವರಣೆಕಾರನಾಗಿ, ಸಂಸದನಾಗಿ, ಸಚಿವನಾಗಿ ಹಲವು ಜನ್ಮಗಳನ್ನು ಕಂಡ. ಮೃತರ ಮನೆಯವರಿಗೆ ಮಾತ್ರ ಅಷ್ಟು ಕಾಲವೂ ಒಂದೇ ಜನ್ಮ, ಒಂದೇ ಕಡತ.

2022ರ ಆ ತೀರ್ಪಿನಲ್ಲಿ ನಮ್ಮ ವಿಷಯಕ್ಕೆ ಬಹು ಮುಖ್ಯವಾದ ಒಂದು ವಿಚಾರವಿದೆ. ಮುಷ್ಟಿಯೋಧನ, ಜಟ್ಟಿಯ, ಕ್ರಿಕೆಟ್ ಆಟಗಾರನ, ಅಥವಾ ಅತಿಶಯ ದೇಹದಾರ್ಢ್ಯವುಳ್ಳವನ ಕೈಯೇ ಒಂದು ಆಯುಧವಾಗಬಲ್ಲದು ಎಂಬ ಅಭಿಪ್ರಾಯವನ್ನು ನ್ಯಾಯಾಧೀಶರು ವ್ಯಕ್ತಪಡಿಸಿದರು. ಕೈಯಲ್ಲಿ ಕತ್ತಿಯಿರಲಿಲ್ಲ, ಕೋಲಿರಲಿಲ್ಲ, ಬರಿಗೈಯಿಂದ ಹೊಡೆದದ್ದು ಎಂಬ ಮಾತು ಎಲ್ಲರಿಗೂ ಸಮನಾಗಿ ಅನ್ವಯಿಸುವುದಿಲ್ಲವೆಂದಾಯಿತು. ಇದು ಯೋಚನೆಗೆ ಅರ್ಹವಾದ ಮಾತು. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡಿಗೆ ಕ್ಷಣಾರ್ಧದಲ್ಲಿ ಉತ್ತರ ಕೊಡಲು ಕಲಿತ ತೋಳು ಅದು. ಯೋಚಿಸುವ ಮೊದಲೇ ಎರಗುವುದು ಅದಕ್ಕೆ ಅಭ್ಯಾಸವಾಗಿ ಹೋಗಿರುತ್ತದೆ. ಮೈದಾನದಲ್ಲಿ ಅದು ಗುಣ. ಬೀದಿಯಲ್ಲಿ ಅದೇ ಅನರ್ಥಕ್ಕೆ ಮೂಲ. 2014ರಲ್ಲಿ ಬಾರ್ಬಡೋಸಿನಲ್ಲಿ ಮೊದಲ ಚೆಂಡಿಗೇ ಔಟಾದ ಸಿಟ್ಟಿನಲ್ಲಿ ಇದೇ ಸ್ಟೋಕ್ಸ್ ಕೋಣೆಯ ಕಪಾಟಿಗೆ ಗುದ್ದಿ, ತನ್ನ ಮಣಿಕಟ್ಟನ್ನು ತಾನೇ ಮುರಿದುಕೊಂಡು, ವಿಶ್ವ ಟಿ-ಟ್ವೆಂಟಿ ಸ್ಪರ್ಧೆಯನ್ನೇ ಕಳೆದುಕೊಂಡಿದ್ದ. ಅಂದು ಕಪಾಟು, ಮೂರು ವರ್ಷಗಳ ಬಳಿಕ ಮನುಷ್ಯ. ತರಬೇತಿಯು ಕೈಗೆ ವೇಗವನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ತಡೆಯನ್ನೂ ಕಲಿಸಬೇಕಾಗಿದೆ. ಬ್ರಿಸ್ಟಲ್ ಘಟನೆ ನಡೆದು ಒಂದು ವಾರ ತುಂಬುವುದರೊಳಗೆ, 2017ರ ಅಕ್ಟೋಬರ್ 1ರಿಂದ, ಮೈದಾನದಲ್ಲಿ ಕೈಮಾಡುವ ಆಟಗಾರನನ್ನು ಪಂದ್ಯದಿಂದಲೇ ಹೊರಗೆ ಕಳುಹಿಸುವ ಅಧಿಕಾರವನ್ನು ಕ್ರಿಕೆಟ್ಟಿನ ಹೊಸ ನಿಯಮಾವಳಿ ಅಂಪೈರರಿಗೆ ಕೊಟ್ಟಿತು. ಮೈದಾನದ ಗೆರೆಯಾಚೆಗೆ ಅಂಪೈರ್ ಇಲ್ಲ.

ಇದೆಲ್ಲ ದೂರದ ತಾರೆಗಳ ಕಥೆ, ನಮಗೇನು ಎನ್ನಬೇಡಿ. ಕಾರವಾರದ ಮಾಲಾದೇವಿ ಮೈದಾನದಲ್ಲಿಯೋ ಅಂಕೋಲೆಯ ಜೈಹಿಂದ್ ಮೈದಾನದಲ್ಲಿಯೋ ಹೊನಲು ಬೆಳಕಿನಲ್ಲಿ ಟೆನಿಸ್ ಚೆಂಡಿನ ಪಂದ್ಯ ನಡೆದರೆ, ನಮ್ಮ ಊರಿಗೂ ಒಬ್ಬ ತಾರೆ ಹುಟ್ಟುತ್ತಾನೆ. ಆತನ ಸಿಕ್ಸರು ಮೀನುಪೇಟೆಯಲ್ಲಿ ಮರುದಿನ ಮಾತಾಗುತ್ತದೆ. ಪಂದ್ಯ ಮುಗಿದ ಮೇಲೆ, ರಾತ್ರಿ ಬೆಳೆದ ಮೇಲೆ, ಒಂದು ರನ್ನೌಟಿನ ವಿವಾದ ಊರೂರಿನ ವಿವಾದವಾಗುವುದು ಕಠಿಣವೇನಲ್ಲ. ಆಗ ಸ್ಟೋಕ್ಸನಿಗೂ ಈ ಹುಡುಗನಿಗೂ ಇರುವ ಅಂತರ ಕಾಣುತ್ತದೆ. ಸ್ಟೋಕ್ಸ್ ಬಿಡುಗಡೆಯಾದ ನಾಲ್ಕೇ ದಿನಗಳಲ್ಲಿ, ಆಗಸ್ಟ್ 18ರಂದು, ಭಾರತದ ವಿರುದ್ಧದ ಟೆಸ್ಟ್ ಪಂದ್ಯಕ್ಕೆ ಇಳಿದ. ನಮ್ಮ ಹುಡುಗ ನೌಕಾನೆಲೆಯಲ್ಲಿಯೋ ಕೈಗಾ ಅಣುಸ್ಥಾವರದಲ್ಲಿಯೋ ಕೆಲಸ ಬಯಸಿ ಅರ್ಜಿ ಹಾಕಿದವನು. ಅಥವಾ ಕೊಲ್ಲಿಯ ದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಮಾಡಿಸುತ್ತಿರುವವನು. ಇವೆಲ್ಲಕ್ಕೂ ಪೊಲೀಸ್ ಪರಿಶೀಲನೆ ಉಂಟು. ಒಂದು ರಾತ್ರಿಯ ಮುಷ್ಟಿ ಹಲವು ವರ್ಷ ಕಡತದಲ್ಲಿ ಕುಳಿತು ದಾರಿ ಕಾಯುತ್ತದೆ. ಬೀದಿಕಲಹಕ್ಕೆ ಕಾನೂನು ವಿಧಿಸುವ ದಂಡ ಚಿಕ್ಕದು. ಬದುಕು ತೆರುವ ದಂಡ ದೊಡ್ಡದು.

ಈ ನೆಲಕ್ಕೆ ತನ್ನದೇ ಆದ ಪಾಠಗಳಿವೆ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕಾನೂನನ್ನು ಮುರಿದ ಅಂಕೋಲೆ, ಕರ್ನಾಟಕದ ಬಾರ್ಡೋಲಿಯೆಂದು ಹೆಸರು ಪಡೆಯಿತು. ಆ ಹೋರಾಟದ ಶಿಸ್ತು ಕೈಯೆತ್ತದಿರುವುದರಲ್ಲಿತ್ತು, ಮಾಡಿದ್ದನ್ನು ನ್ಯಾಯಾಲಯದಲ್ಲಿ ಅಡಗಿಸದಿರುವುದರಲ್ಲಿತ್ತು. ಅದೇ ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ಎದ್ದು ನಿಂತರು. 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರವರಿಯಲ್ಲಿ ತೀರಿಕೊಂಡ ಆ ಹಿರಿಯರು ಕಂಡದ್ದು ಸರಳವಾದ ಸತ್ಯ: ರಾತ್ರಿ ಹೊರಗೆ ಎದ್ದ ಜಗಳದ ಕೊನೆಯ ಪೆಟ್ಟು ಮನೆಯೊಳಗಿನವರ ಮೇಲೆ ಬೀಳುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಯಿತು. ಬೇರೆ ಬಾಟಲಿಗಳು ಉಳಿದವು.

ಕಾರವಾರವು ಸತ್ಯೇಂದ್ರನಾಥ ಟಾಗೋರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಊರು; 1883ರಲ್ಲಿ ತಮ್ಮ ರವೀಂದ್ರನಾಥರು ಅವರ ಮನೆಗೆ ಬಂದು ತಂಗಿದ್ದರು. ಕಡಲತೀರ ತಮ್ಮನ ಹೆಸರನ್ನು ಹೊತ್ತಿದೆ. ನ್ಯಾಯಾಧೀಶರಾಗಿದ್ದ ಅಣ್ಣನನ್ನು ನೆನೆಯುವವರು ವಿರಳ. ನ್ಯಾಯದ ಸ್ವಭಾವವೇ ಅಂತಹುದು: ಅದಕ್ಕೆ ಚಪ್ಪಾಳೆಯಿಲ್ಲ. ಆದ್ದರಿಂದಲೇ ಅಭಿಮಾನಿಗಳಾದ ನಮ್ಮ ಹೊಣೆ ಹೆಚ್ಚಿನದು. ಮುಂದೊಮ್ಮೆ ಇಂತಹ ಸುದ್ದಿ ಬಂದಾಗ ಆಟಗಾರನ ಹೆಸರಿನೊಡನೆ, ಪೆಟ್ಟು ತಿಂದವರ ಸ್ಥಿತಿ ಈಗ ಹೇಗಿದೆ ಎಂಬ ಪ್ರಶ್ನೆಯನ್ನೂ ಕೇಳೋಣ. ತೀರ್ಪು ಬರುವವರೆಗೆ ಆತನನ್ನು ಅಪರಾಧಿಯೆನ್ನದಿರೋಣ. ತೀರ್ಪು ಬಂದ ಮೇಲೆ, ಅದು ಯಾರ ಪರವಾಗಿದ್ದರೂ, ಓಟಗಳ ಲೆಕ್ಕವನ್ನು ಅದರೊಡನೆ ಬೆರೆಸದಿರೋಣ. ನಮ್ಮೂರ ಪಂದ್ಯಗಳಲ್ಲಿ ಬಹುಮಾನ ಹಂಚುವ ಹಿರಿಯರು, ಆಟ ಮುಗಿದ ಮೇಲೆ ಹುಡುಗರು ಸುಖವಾಗಿ ಮನೆ ಸೇರುವವರೆಗಿನ ಹೊಣೆಯನ್ನೂ ಹೊತ್ತರೆ, ಅನೇಕ ಕಡತಗಳು ತೆರೆಯದೆಯೇ ಉಳಿದಾವು.