ಕಾಯುವುದೂ ಕೆಲಸವೇ!



ನಾನು ವಕೀಲನಲ್ಲ, ಯೂನಿಯನ್ ಲೀಡರೂ ಅಲ್ಲ. ಪಿಯುಸಿ ಮುಗಿಸಿ ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದವನು, ಈಗ ಸ್ವಂತ ಪ್ರೆಸ್ ನಡೆಸುತ್ತಿದ್ದೇನೆ. ಅಂದರೆ ನಾಲ್ಕು ಜನಕ್ಕೆ ಸಂಬಳ ಕೊಡುವ ಮಾಲೀಕ. ಮಾಲೀಕನೇ ಬಂದು ನೌಕರರ ಹಕ್ಕಿನ ಮಾತಾಡುತ್ತಾನಲ್ಲ ಎಂದು ನಗಬೇಡಿ. ಮಾಲೀಕರ ಲೆಕ್ಕ ಮಾಲೀಕನಿಗೇ ಚೆನ್ನಾಗಿ ಗೊತ್ತಿರುತ್ತದೆ.

ನಿಮ್ಮಲ್ಲಿ ಬಹಳ ಜನ ಸಾಫ್ಟ್‌ವೇರ್ ಕಂಪನಿ, ಕಾಲ್ ಸೆಂಟರ್, ಆಸ್ಪತ್ರೆ, ನೆಟ್‌ವರ್ಕ್ ರಿಪೇರಿ ಇಂಥ ಕಡೆ ದುಡಿಯುತ್ತಿದ್ದೀರಿ. ಸೇರುವಾಗ ಬೆಳಿಗ್ಗೆ 9ರಿಂದ ಸಂಜೆ 6 ಎಂದು ಬರೆದುಕೊಟ್ಟಿರುತ್ತಾರೆ. ಎರಡು ವರ್ಷ ಕಳೆದ ಮೇಲೆ ಒಂದು ಶುಕ್ರವಾರ ಸಂಜೆ ಮೇಲ್ ಬರುತ್ತದೆ. ಸೋಮವಾರದಿಂದ ಸರದಿಯ ಮೇಲೆ ಎಲ್ಲರಿಗೂ ಆನ್ ಕಾಲ್ ಡ್ಯೂಟಿ ಕಡ್ಡಾಯ! ರಾತ್ರಿ ಎಷ್ಟು ಹೊತ್ತಿಗೆ ಫೋನ್ ಬಂದರೂ ಹದಿನೈದು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರಬೇಕು. ಭಾನುವಾರವೂ ಸೇರಿ. ಸಂಬಳ? ಅದೇ ಹಳೆಯ ಸಂಬಳ. ಬಾಯಿಬಿಟ್ಟು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಫೋನ್ ಬಂದರೆ ತಾನೇ ಕೆಲಸ? ಬರದಿದ್ದರೆ ಮನೆಯಲ್ಲಿ ಹಾಯಾಗಿ ಮಲಗಿರಿ."

ಹಾಯಾಗಿಯಂತೆ! ಆ ವಾರ ನೀವು ಊರಿಗೆ ಹೋಗುವ ಹಾಗಿಲ್ಲ, ಘಾಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಜ್ಜಿಯ ತಿಥಿಗೆ ಹೋದರೂ ಹೆಗಲ ಮೇಲೆ ಲ್ಯಾಪ್‌ಟಾಪ್ ಚೀಲ. ಸಿನಿಮಾ ನೋಡುವಾಗಲೂ ಕಣ್ಣು ಫೋನಿನ ಮೇಲೆ. ಏಳು ದಿನ ಒಂದೇ ಒಂದು ಕರೆ ಬರದಿದ್ದರೂ ಆ ಏಳು ದಿನ ನಿಮ್ಮದಲ್ಲ. ಹಾಗಾದರೆ ಅದು ಯಾರದು?

ನನ್ನ ಕಸುಬಿನ ಮಾತು ಹೇಳುತ್ತೇನೆ. ಚುನಾವಣೆ ಬಂತೆಂದರೆ ಕರಪತ್ರದ ಮ್ಯಾಟರು ರಾತ್ರಿ ಹನ್ನೊಂದಕ್ಕೆ ಬರುತ್ತದೆ, ಬೆಳಿಗ್ಗೆ ಆರಕ್ಕೆ ಬಂಡಲ್ ಕೊಡಬೇಕು. ಅದಕ್ಕಾಗಿ ಮೆಷಿನ್‌ಮನ್‌ಗೆ "ಎಲ್ಲೂ ಹೋಗಬೇಡಪ್ಪ, ಫೋನ್ ಮಾಡುತ್ತೇನೆ" ಎಂದು ಹೇಳಿಟ್ಟಿರುತ್ತೇನೆ. ಜಾಬ್ ಬಂದರೆ ಪೂರ್ತಿ ಕೂಲಿ, ಬರದಿದ್ದರೆ ಕಾದ ರಾತ್ರಿಗೆ ಅರ್ಧ ಕೂಲಿ. ಇದೇನು ನನ್ನ ಧರ್ಮಬುದ್ಧಿ ಎಂದುಕೊಳ್ಳಬೇಡಿ. ಪಾರ್ಟಿಯ ಬಿಲ್ಲಿನಲ್ಲಿ ನಾನು ಅರ್ಜೆಂಟ್ ಚಾರ್ಜ್ ಹಾಕಿರುತ್ತೇನೆ! ನಿಮ್ಮ ಕಂಪನಿಯೂ ಇದನ್ನೇ ಮಾಡುತ್ತದೆ. ಇಪ್ಪತ್ತನಾಲ್ಕು ಗಂಟೆ ಸೇವೆ ಎಂದು ಗಿರಾಕಿಗೆ ಮಾರುವಾಗ ಅದಕ್ಕೆ ಬೆಲೆ ಕಟ್ಟಿಯೇ ಮಾರುತ್ತದೆ. ಆ ಸೇವೆ ನಿಂತಿರುವುದು ನಿಮ್ಮ ನಿದ್ದೆಯ ಮೇಲೆ. ನಿದ್ದೆ ಕೊಟ್ಟವನಿಗೆ ಒಂದು ಪೈಸೆಯೂ ಇಲ್ಲ ಎಂದರೆ ಇದು ಯಾವ ಸೀಮೆಯ ವ್ಯಾಪಾರ?

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಬೆಲ್ಜಿಯಂ ದೇಶದ ನಿವೆಲ್ ಎಂಬ ಊರಿನಲ್ಲಿ ರೂಡಿ ಮಾಟ್ಜಾಕ್ ಎಂಬ ಸ್ವಯಂಸೇವಕ ಅಗ್ನಿಶಾಮಕ ಸಿಬ್ಬಂದಿ ಇದ್ದ. ಸರದಿ ಬಂದಾಗ ಮನೆಯಲ್ಲೇ ಇರಬಹುದು, ಆದರೆ ಕರೆ ಬಂದ 8 ನಿಮಿಷದೊಳಗೆ ಠಾಣೆಯಲ್ಲಿರಬೇಕು. ಮನೆಯಲ್ಲಿ ಕಾದ ಹೊತ್ತಿಗೂ ಲೆಕ್ಕ ಕೊಡಿ ಎಂದು ಆತ ಕೋರ್ಟಿಗೆ ಹೋದ. 2018ರ ಫೆಬ್ರವರಿ 21ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು: ಇಷ್ಟು ಬಿಗಿಯಾಗಿ ಕಟ್ಟಿಹಾಕಿದ ಕಾಯುವಿಕೆ ಕೆಲಸದ ಸಮಯವೇ. ಅದಕ್ಕೆ ಸಂಬಳ ಎಷ್ಟು ಎನ್ನುವುದನ್ನು ಆಯಾ ದೇಶದ ಕಾನೂನಿಗೆ ಬಿಟ್ಟಿತು. 2021ರಲ್ಲಿ ಸ್ಲೊವೇನಿಯಾದ ಬೆಟ್ಟದ ಮೇಲಿನ ಟಿವಿ ಪ್ರಸಾರ ಕೇಂದ್ರದ ಟೆಕ್ನಿಶಿಯನ್ ಒಬ್ಬನ ಕೇಸು ಬಂತು. ಅವನಿಗೆ ಒಂದು ಗಂಟೆಯ ಗಡುವಿತ್ತು. ಆಗ ಅದೇ ಕೋರ್ಟು, ಕಾಯುವ ಎಲ್ಲ ಹೊತ್ತೂ ತಾನಾಗಿ ಕೆಲಸವಾಗುವುದಿಲ್ಲ, ಬಿಡುವಿನ ಬದುಕಿಗೆ ಎಷ್ಟು ಅಡ್ಡಿಯಾಗುತ್ತದೆ ಎಂದು ಅಳೆದು ನೋಡಬೇಕು ಎಂದಿತು. ಆದ್ದರಿಂದ ಎಷ್ಟು ನಿಮಿಷದ ಗಡುವು, ವಾರಕ್ಕೆ ಎಷ್ಟು ಸಲ ಕರೆ, ಇವೇ ಮುಖ್ಯ. ಬರೆದಿಟ್ಟುಕೊಳ್ಳಿ.

ಐರೋಪ್ಯರ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ನಿಜ. ನಮ್ಮ ಕಾನೂನಿನಲ್ಲಿ ಆನ್ ಕಾಲ್ ಹೊತ್ತಿಗೆ ಇಷ್ಟು ದರ ಎಂದು ಬರೆದಿಲ್ಲ, ಅದೂ ನಿಜ. ಹಾಗೆಂದು ನಾವು ಬರಿಗೈಯವರಲ್ಲ!

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ದೊಡ್ಡ ತಕರಾರುಗಳಿವೆ, ಅದು ಬೇರೆ ಸಭೆಯ ಮಾತು. ನಮಗೆ ಬೇಕಾದ್ದು ಎರಡು. ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನ ಪ್ರಕಾರ, ಕೆಲಸದ ಗಂಟೆ, ವಿಶ್ರಾಂತಿ, ರಜೆ ಇವುಗಳಲ್ಲಿ ಬದಲಾವಣೆ ಮಾಡಬೇಕಾದರೆ ಮಾಲೀಕ 21 ದಿನ ಮುಂಚೆ ನೋಟಿಸ್ ಕೊಡಬೇಕು. 1947ರ ಹಳೆಯ ಕಾಯಿದೆಯಲ್ಲೂ ಇದು ಇತ್ತು. ಶುಕ್ರವಾರ ಮೇಲ್ ಕಳಿಸಿ ಸೋಮವಾರದಿಂದ ಜಾರಿ ಎನ್ನುವುದು ಎಲ್ಲಿಯ ಮಾತು? ಇನ್ನೊಂದು, ಕಾರ್ಯಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕು, ಅದಕ್ಕೆ ಕಾರ್ಮಿಕನ ಒಪ್ಪಿಗೆಯೂ ಬೇಕು ಎನ್ನುತ್ತದೆ ಅದು. ಹೆಣ್ಣುಮಕ್ಕಳು ಸಂಜೆ 7ರ ಮೇಲೆ, ಬೆಳಿಗ್ಗೆ 6ರ ಮುಂಚೆ ದುಡಿಯಬೇಕಾದರೆ ಅವರ ಒಪ್ಪಿಗೆ ಬೇಕೇ ಬೇಕು. ತಂಗಿಯರೇ, ರಾತ್ರಿ ಎರಡಕ್ಕೆ ಆಫೀಸಿಗೆ ಬಾ ಎಂದರೆ ಮೊದಲು ಇದನ್ನು ಕೇಳಿ.

"ನೀವು ಎಂಜಿನಿಯರ್, ಎಕ್ಸಿಕ್ಯೂಟಿವ್, ಇದೆಲ್ಲ ಕೂಲಿಯವರ ಕಾನೂನು" ಎಂದು ಎಚ್‌ಆರ್‌ನವರು ಬಾಯಿ ಮುಚ್ಚಿಸಲು ನೋಡುತ್ತಾರೆ. ಎಚ್ಚರ! ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುವವನು ನಾನು, ಯಾರಿಗೆ ಯಾವ ಹುದ್ದೆ ಬೇಕಾದರೂ ಹಾಕಿಕೊಡುತ್ತೇನೆ! ಕೋರ್ಟು ನೋಡುವುದು ನೀವು ನಿಜವಾಗಿ ಮಾಡುವ ಕೆಲಸವನ್ನು. ತಾಂತ್ರಿಕ ಕೆಲಸ ಮಾಡುವವರೂ ಸಂಹಿತೆಯ ಅರ್ಥದಲ್ಲಿ ಕಾರ್ಮಿಕರೇ. ಮುಖ್ಯವಾಗಿ ಆಡಳಿತ ನಡೆಸುವವರು, ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆದು ಮೇಲ್ವಿಚಾರಣೆ ಮಾಡುವವರು ಮಾತ್ರ ಹೊರಗೆ.

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿಟ್ಟಿತು. 2024ರಲ್ಲಿ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯವರೆಗೆ ಬಿಡಬೇಕೆಂಬ ಪ್ರಸ್ತಾವ ಎದ್ದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. 2025ರಲ್ಲಿ ದಿನಕ್ಕೆ 10 ಗಂಟೆ, ಓಟಿ ಸೇರಿ 12 ಎಂಬ ಪ್ರಸ್ತಾವ ಬಂದಾಗಲೂ ಪ್ರತಿಭಟಿಸಿತು. ಅತ್ತ ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸ ಮುಗಿದ ಮೇಲೆ ಫೋನಿನಿಂದ ದೂರ ಇರುವ ಹಕ್ಕು ಕಾನೂನಿಗೇ ಸೇರಿದೆ.

ಈಗ ಮಾಡಬೇಕಾದ್ದು. ಮೇಲ್ ಬಂದ ಕೂಡಲೇ 'ಒಪ್ಪಿದೆ' ಎಂದು ಒತ್ತಬೇಡಿ. ಕೆಲಸಕ್ಕೆ ಸೇರಿದಾಗಿನ ಪತ್ರವನ್ನು ತೆಗೆದು ಓದಿ; ಕಂಪನಿ ಯಾವಾಗ ಬೇಕಾದರೂ ಸಮಯ ಬದಲಿಸಬಹುದು ಎಂಬ ಸಾಲನ್ನು ಅಲ್ಲಿ ಅಡಗಿಸಿಟ್ಟಿರುತ್ತಾರೆ. ಅದಿದ್ದರೂ ಕಾನೂನಿನ ನೋಟಿಸ್ ತಪ್ಪುವುದಿಲ್ಲ. ಆಮೇಲೆ ಬರವಣಿಗೆಯಲ್ಲೇ ಕೇಳಿ: ತಿಂಗಳಿಗೆ ಎಷ್ಟು ಸರದಿ? ಎಷ್ಟು ಹೊತ್ತಿನೊಳಗೆ ಉತ್ತರಿಸಬೇಕು? ಕಾದದ್ದಕ್ಕೆ ಎಷ್ಟು, ಕರೆ ಬಂದು ದುಡಿದದ್ದಕ್ಕೆ ಎಷ್ಟು? ರಾತ್ರಿ ಮೂರು ಗಂಟೆ ದುಡಿದವನು ಬೆಳಿಗ್ಗೆ ಒಂಬತ್ತಕ್ಕೇ ಬರಬೇಕೋ? ಒಬ್ಬರೇ ಕೇಳಿದರೆ ತಲೆಹರಟೆ ಎನ್ನುತ್ತಾರೆ, ಹನ್ನೆರಡು ಜನ ಸಹಿ ಹಾಕಿದರೆ ಮೀಟಿಂಗ್ ಕರೆಯುತ್ತಾರೆ. ಮಾಲೀಕನಾಗಿ ಹೇಳುತ್ತಿದ್ದೇನೆ, ನಂಬಿ. ಇದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕರೆಯ ತಾರೀಕು, ಗಂಟೆ, ಎಷ್ಟು ಹೊತ್ತು ದುಡಿದಿರಿ ಎಂಬುದನ್ನು ಬರೆಯುತ್ತಾ ಬನ್ನಿ. ಕಂಪನಿಯ ಕಂಪ್ಯೂಟರಿನಲ್ಲಿರುವ ದಾಖಲೆ ಕಂಪನಿಯದು. ಕೆಲಸ ಬಿಟ್ಟ ದಿನ ಅದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ಅಲ್ಲೂ ಬಗೆಹರಿಯದಿದ್ದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ. ದೂರನ್ನು ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಬಂದ ಆದೇಶಕ್ಕೆ ಇಂಗ್ಲಿಷಿನಲ್ಲೇ ದೂರು ಕೊಡಬೇಕೆಂದು ಯಾವ ಕಾನೂನೂ ಹೇಳಿಲ್ಲ.