ಚೋಮನ ದುಡಿ ಯಾರ ಕಿವಿಗೆ ಕೇಳಬೇಕು?

(ಯಶವಂತನಗರದಲ್ಲಿ ವಿದ್ಯಾರ್ಥಿ ಗೆಳೆಯರ ಮುಂದೆ ಆಡಿದ ಮಾತು)



ಪುಸ್ತಕವನ್ನು ಸಿನಿಮಾ ಮಾಡೋದು ಹೇಗೆ ಅಂತ ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಬದುಕನ್ನು ಇಷ್ಟು ದಿನ ಬೇರೆಯವರು ಬರೆದರು, ಬೇರೆಯವರೇ ತೆರೆಗೆ ತಂದರು. ನಾಳೆ ನೀವು ಬರೆಯೋರು. ಅದಕ್ಕೇ ಆದ ಕೆಲಸವನ್ನು ಬಿಚ್ಚಿ ನೋಡೋಣ.

'ಚೋಮನ ದುಡಿ'ಯನ್ನೇ ತಗೊಳ್ಳೋಣ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರ ಚಿತ್ರ ಬಂದದ್ದು 1975ರಲ್ಲಿ. ಚಿತ್ರಕ್ಕೆ ಸ್ವರ್ಣಕಮಲ ಬಂತು. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಚೋಮ ಜೀತದಾಳು. ಬೇಸಾಯ ಮಾಡಬೇಕೆಂಬುದೊಂದೇ ಅವನ ಆಸೆ. ಹೊಲೆಯ ಭೂಮಿ ಉಳಬಾರದೆಂಬುದು ಊರಿನ ಕಟ್ಟಳೆ. ಈ ಆಸೆಯನ್ನು ಕಾದಂಬರಿಕಾರ ಬಾಯಿಬಿಟ್ಟು ಹೇಳಬಹುದು. ಚಿತ್ರಕಥೆ ಬರೆಯುವವನಿಗೆ ಆ ಸೌಲಭ್ಯ ಇಲ್ಲ. ಆಸೆ ಕಣ್ಣಿಗೆ ಕಾಣಬೇಕು. ಚೋಮನ ಹತ್ತಿರ ಜೋಡಿ ಎತ್ತಿದೆ, ಉಳಲು ಅಂಗೈಯಗಲ ನೆಲ ಇಲ್ಲ. ದುಡಿಯದೆ ನಿಂತ ಆ ಎತ್ತುಗಳನ್ನು ತೋರಿಸಿದರೆ ಸಾಕು, ಮಾತು ಬೇಡ.

ದುಡಿಯದೂ ಹಾಗೇ. ಪುಸ್ತಕದಲ್ಲಿ ಅದು ಅಕ್ಷರ, ತೆರೆಯಲ್ಲಿ ಅದು ಸದ್ದು. 'ಚೋಮ ದುಡಿ ಬಾರಿಸಿದ' ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಸಿಟ್ಟಿನ ಬಡಿತವೋ, ಸಾವಿನ ಬಡಿತವೋ? ಎಷ್ಟು ಹೊತ್ತು? ಗುಡಿಸಲಿನೊಳಗೆ ಕೇಳುವ ಸದ್ದೋ, ದಣಿಯ ಜಗಲಿಗೆ ಮುಟ್ಟುವ ಸದ್ದೋ? ಇದನ್ನೆಲ್ಲ ಬರೆಯುವವನೇ ತೀರ್ಮಾನಿಸಬೇಕು.

ಚೋಮನ ಮಗ ಹೊಳೆಯಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆ ಅಂತ ಯಾರೂ ಎತ್ತುವುದಿಲ್ಲ. ಈ ದೃಶ್ಯವನ್ನು ನೀವು ಬರೆದರೆ ಕ್ಯಾಮೆರಾ ಎಲ್ಲಿಡ್ತೀರಿ? ದಡದಲ್ಲಿಟ್ಟರೆ ಮುಳುಗುವ ಹುಡುಗ ಕಾಣುತ್ತಾನೆ, ನೋಡುವವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ನೀರಿನಲ್ಲಿಟ್ಟರೆ ದಡದಲ್ಲಿ ಕೈಕಟ್ಟಿ ನಿಂತ ಮುಖಗಳು ಕಾಣುತ್ತವೆ. ಒಂದೇ ಕಥೆ, ಆದರೆ ಕಟಕಟೆಯಲ್ಲಿ ನಿಲ್ಲುವವರು ಬದಲಾಗುತ್ತಾರೆ. ನೋಡ್ರಿ, ರಾಜಕೀಯ ಭಾಷಣದಲ್ಲಷ್ಟೇ ಇಲ್ಲ, ಕ್ಯಾಮೆರಾ ಇಡುವ ಜಾಗದಲ್ಲೂ ಇದೆ.

ಮಗಳು ಬೆಳ್ಳಿ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದವಳು. ಅಲ್ಲಿ ಅವಳ ಮೈ ಹಾಳುಮಾಡಿ ಸಾಲದ ಲೆಕ್ಕ ಅಳಿಸುತ್ತಾರೆ. ಕೊನೆಗೆ ಅಪ್ಪನ ಏಟೂ ಅವಳಿಗೇ. ಚೋಮನ ಸಂಕಟಕ್ಕೆ ದುಡಿ ಇದೆ, ಬೆಳ್ಳಿಯ ಸಂಕಟಕ್ಕೆ ಏನಿದೆ? ಇದೇ ಕಥೆಯನ್ನು ಬೆಳ್ಳಿಯ ಬೆನ್ನಹಿಂದೆ ಹೋಗಿ ಬರೆದರೆ ಬೇರೆಯೇ ಚಿತ್ರವಾಗುತ್ತದೆ. ನಮ್ಮ ಹಾಸ್ಟೆಲ್ ಹೆಣ್ಣುಮಕ್ಕಳು ಅದನ್ನು ಬರೆಯಲಿ ಎಂಬುದು ನಮ್ಮ ಆಸೆ.

ಇನ್ನು ಕೊನೆ. ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ಚಿತ್ರ ಬರುವ ಹೊತ್ತಿಗೆ ಹೊರಗೆ ಏನಾಗಿತ್ತು? 1973ರಲ್ಲಿ ನಮ್ಮ ಸಂಡೂರಿನಲ್ಲೇ ಭೂ ಹೋರಾಟ ನಡೆದು ಜನ ಜೈಲು ಕಂಡಿದ್ದರು. 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯಿತು. ಹಾಗಾದರೆ ಚೋಮನನ್ನು ಗೆಲ್ಲಿಸಿಬಿಡೋಣವೇ? ಅವಸರ ಬೇಡ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಅಂದಿತು. ಅದರ ಮುಖ್ಯ ಫಲ ಗೇಣಿದಾರನಿಗೆ. ಉಳಲಿಕ್ಕೇ ಬಿಡದ ಚೋಮ ಯಾವ ಗೇಣಿ ಚೀಟಿ ತೋರಿಸಿ ಅರ್ಜಿ ಹಾಕಬೇಕಿತ್ತು? ಸುಳ್ಳು ಗೆಲುವು ಕೊಟ್ಟರೆ ಆ ಪ್ರಶ್ನೆಯನ್ನು ಮುಚ್ಚಿಹಾಕಿದ ಹಾಗೆ. ಚೋಮ ಸತ್ತರೂ ಸರಿ, ಆ ಬಾಗಿಲು ಮುಚ್ಚಿಸಿದವರು ತೆರೆಯ ಮೇಲೆ ಕಾಣಬೇಕು.

ಕೆಲಸ ಹೀಗೆ ಶುರು ಮಾಡಿ. ಒಂದು ಅಧ್ಯಾಯ ತಗೊಳ್ಳಿ. ಹಾಳೆಯ ಎಡಕ್ಕೆ ಕಾಣುವುದನ್ನು, ಬಲಕ್ಕೆ ಕೇಳುವುದನ್ನು ಬರೆಯಿರಿ. ಎರಡರಲ್ಲೂ ಹಿಡಿಯದ್ದನ್ನು ಹೊಡೆದುಹಾಕಿ. ಮಾತು ನಿಮ್ಮ ಕೇರಿಯ ಮಾತೇ ಆಗಿರಲಿ. ಚಿತ್ರ ತೆಗೆಯುವುದಾದರೆ ಹಕ್ಕುದಾರರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ, ಕಾರಂತರು ತೀರಿಕೊಂಡದ್ದು 1997ರಲ್ಲಿ. ಬರೆದದ್ದನ್ನು ಮೊದಲು ಕೇರಿಯಲ್ಲಿ, ಓದು ಬಾರದ ಅವ್ವಂದಿರಿಗೆ ಓದಿಹೇಳಿ. ಅವರು ಎಲ್ಲಿ 'ಹಂಗಲ್ಲಪ್ಪ' ಅಂತಾರೋ, ಅಲ್ಲಿಂದ ತಿದ್ದೋಕೆ ಕೂತ್ಕೊಳ್ಳಿ.

ಜೈಭೀಮ್.