ಒಂಟಿ ವಕೀಲೆಯ ಜಮಾಖರ್ಚು



ವಕೀಲರನ್ನು ಕರೆಸಿದರೆ ಕಲಮು, ಉಪಕಲಮು ಎಂದು ಒಂದು ಗಂಟೆ ಕೊರೆಯುತ್ತಾರೆ ಅಂದುಕೊಂಡಿರುತ್ತೀರಿ. ಇವತ್ತು ಅದು ಸ್ವಲ್ಪವೇ ಇದೆ. ಹೊಸ ದಾರಿ ಹಿಡಿಯಲು ಹೆದರುವ ಹೆಂಗಸರ ಬಗ್ಗೆ ಮಾತಾಡಿ ಎಂದು ನಿಮ್ಮ ಪ್ರತಿನಿಧಿಗಳು ಕೇಳಿದ್ದಾರೆ. ನಾನು ಹಪ್ಪಳ ಮಾರಿದವಳಲ್ಲ, ಹಸು ಕಟ್ಟಿದವಳೂ ಅಲ್ಲ. ಆದರೆ ತಾಲ್ಲೂಕು ಕೋರ್ಟಿನ ಎದುರು ಒಂದು ಕೋಣೆಯ ಕಚೇರಿಯನ್ನು ಒಬ್ಬಳೇ ನಡೆಸುತ್ತಿದ್ದೇನೆ. ಅದಕ್ಕೂ ಬಾಡಿಗೆಯಿದೆ, ಕರೆಂಟು ಬಿಲ್ಲಿದೆ, ಅರ್ಧ ದಿನ ಬರುವ ಗುಮಾಸ್ತರ ಸಂಬಳವಿದೆ. ಹಾಗಾಗಿ ನನ್ನ ಅಂಗಡಿಯ ಕತೆಯನ್ನೇ ಹೇಳುತ್ತೇನೆ.

ನಮ್ಮ ಕೋರ್ಟುಗಳಲ್ಲಿ ಫೀಸು ಪಡೆಯುವ ಹಳೆಯ ಪದ್ಧತಿ ನಿಮಗೆ ಗೊತ್ತೇ ಇದೆ. ವಕಾಲತ್ತಿಗೆ ಸಹಿ ಹಾಕುವಾಗ ಒಂದಿಷ್ಟು, ಆಮೇಲೆ ವಾಯಿದೆಗೊಮ್ಮೆ ಒಂದಿಷ್ಟು. ಎಷ್ಟು ವಾಯಿದೆ ಬೀಳುತ್ತದೆ ಎಂದು ಮೊದಲೇ ಹೇಳುವವರಿಲ್ಲ. ಜಮೀನಿನ ದಾವೆ ಹಾಕುವವನಿಗೆ ಇದು ಹೇಗೋ ನಡೆಯುತ್ತದೆ. ಉಟ್ಟ ಸೀರೆಯಲ್ಲೇ ಗಂಡನ ಮನೆಯಿಂದ ಹೊರಬಿದ್ದವಳಿಗೆ? ಆ ದಿನದ ಕೂಲಿ ಹೋಗುತ್ತದೆ, ಮಗುವನ್ನು ಯಾರದೋ ಕೈಗೆ ಕೊಟ್ಟು ಬರಬೇಕು, ಕೊನೆಗೆ ವಕೀಲರ ಕೈಗೂ ಕೊಡಬೇಕು. ಬೇರೊಬ್ಬ ವಕೀಲರ ಬಳಿಯಿದ್ದ ಕಟ್ಟು ಹಿಡಿದು ಒಬ್ಬ ಹೆಣ್ಣುಮಗಳು ನನ್ನಲ್ಲಿಗೆ ಬಂದಿದ್ದಳು. ಜೀವನಾಂಶದ ಅರ್ಜಿ ಅವಳ ಗೈರುಹಾಜರಿಯಿಂದ ವಜಾ ಆಗಿತ್ತು. ಯಾಕಮ್ಮ ಹೋಗಲಿಲ್ಲ, ಗಂಡ ಹೆದರಿಸಿದನೇ ಎಂದು ಕೇಳಿದೆ. ಅವಳು ಹೇಳಿದ್ದು: ಗಂಡನಿಗೆ ಹೆದರಲಿಲ್ಲ, ವಕೀಲರಿಗೆ ಕೊಡಲು ಮುನ್ನೂರು ರೂಪಾಯಿ ಇರಲಿಲ್ಲ, ಯಾವ ಮುಖ ಹೊತ್ತು ಹೋಗಲಿ?

ಒದೆ ತಿಂದರೂ ಧೈರ್ಯ ಮಾಡಿ ಕೋರ್ಟಿನ ಮೆಟ್ಟಿಲು ಹತ್ತಿದವಳನ್ನು ನಮ್ಮ ಫೀಸಿನ ಪದ್ಧತಿಯೇ ಕೆಳಗಿಳಿಸುವುದಾದರೆ ಆ ಪದ್ಧತಿ ಬದಲಾಗಬೇಕು ಎನ್ನಿಸಿತು. ವಾಯಿದೆಯ ಲೆಕ್ಕ ಬಿಡುವುದು, ಕೆಲಸದ ಹಂತಕ್ಕೆ ಇಷ್ಟು ಎಂದು ಮೊದಲೇ ಬರೆದುಕೊಡುವುದು. ಅರ್ಜಿ ಬರೆದು ಹಾಕಲು ಇಷ್ಟು, ಮಧ್ಯಂತರ ಆದೇಶದವರೆಗೆ ಇಷ್ಟು, ಸಾಕ್ಷ್ಯಕ್ಕೆ ಇಷ್ಟು. ಕೊಟ್ಟದ್ದಕ್ಕೆಲ್ಲ ರಸೀದಿ. ಹೇಳಿದಷ್ಟು ಸುಲಭವಾಗಿ ಮಾಡಲಾಗಲಿಲ್ಲ, ಒಂದು ವರ್ಷ ಹೆದರಿ ಕೂತಿದ್ದೆ.

ಒಂದು ದಿನ ಆ ಹೆದರಿಕೆಯನ್ನೇ ಖಾತೆ ಪುಸ್ತಕದಲ್ಲಿ ಬರೆದೆ. ಮೊದಲನೆಯದು ಬಾಡಿಗೆ ಕಟ್ಟಲಾಗದಿದ್ದರೆ ಎಂಬುದು. ಎರಡನೆಯದು ಸನದಿನ ಭಯ. ವಕೀಲರು ಗಿರಾಕಿ ಹಿಡಿಯುವಂತಿಲ್ಲ, ಏನು ಮಾಡಿದರೆ ಏನು ನೋಟೀಸು ಬರುತ್ತದೋ! ಮೂರನೆಯದನ್ನು ಬರೆಯಲು ನಾಚಿಕೆಯಾಯಿತು. ವಕೀಲರ ಸಂಘದ ಕೋಣೆಯಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ? 'ಅಗ್ಗದ ವಕೀಲೆ', 'ಹೆಂಗಸರ ವಕೀಲೆ'. ನಿಜ ಹೇಳಬೇಕೆಂದರೆ ಮೂರರಲ್ಲಿ ದೊಡ್ಡದು ಇದೇ. ಬಾಡಿಗೆಗೆ ಸಾಲ ಸಿಗುತ್ತದೆ, ಆಡುವ ಬಾಯಿಗೆ ಏನು ಮಾಡುವುದು?

ಸನದಿನ ಭಯ ಓದಿದ ಮೇಲೆ ಅರ್ಧ ಇಳಿಯಿತು. ವಕೀಲಿ ವೃತ್ತಿಯ ಶಿಸ್ತನ್ನು 1961ರ ವಕೀಲರ ಕಾಯಿದೆಯ ಕೆಳಗೆ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳು ಹೇಳುತ್ತವೆ. ಜಾಹೀರಾತು ಕೊಡುವಂತಿಲ್ಲ, ಕರಪತ್ರ ಹಂಚುವಂತಿಲ್ಲ, ದಲ್ಲಾಳಿ ಇಟ್ಟು ಕೇಸು ತರಿಸುವಂತಿಲ್ಲ ಎನ್ನುತ್ತದೆ 36ನೇ ನಿಯಮ. 2008ರಲ್ಲಿ ಅದಕ್ಕೊಂದು ತಿದ್ದುಪಡಿಯಾಗಿ, ಹೆಸರು, ವಿಳಾಸ, ಓದು, ಯಾವ ಬಗೆಯ ಕೆಲಸ ಎಂಬಷ್ಟನ್ನು ಅಂತರ್ಜಾಲದಲ್ಲಿ ಹಾಕಲು ಅವಕಾಶವಾಯಿತು. 'ಜೀವನಾಂಶ ಬಂದ ಮೇಲೆ ಅದರಲ್ಲಿ ಪಾಲು ಕೊಡು' ಎನ್ನುವುದೂ ನಿಷಿದ್ಧ, ಅದು 20ನೇ ನಿಯಮ. ಆ ಯೋಚನೆ ನನಗೂ ಬಂದಿತ್ತು. ನಿಯಮ ಓದಿದ ಮೇಲೆ ಕೈಬಿಟ್ಟೆ. ಆದರೆ ಗೆದ್ದರೂ ಸೋತರೂ ಒಂದೇ ಎಂದು ಫೀಸನ್ನು ಹಂತಕ್ಕೆ ಗೊತ್ತು ಮಾಡಿ, ಕಂತಿನಲ್ಲಿ ಕೊಡು ಎಂದರೆ ಯಾವ ನಿಯಮವೂ ಅಡ್ಡಿ ಬರುವುದಿಲ್ಲ. ಅಷ್ಟೇ ಅಲ್ಲ, ಹಣವಿಲ್ಲದವರಿಗೆ ನೆರವಾಗುವುದು ವಕೀಲರ ಅತಿ ದೊಡ್ಡ ಕರ್ತವ್ಯಗಳಲ್ಲಿ ಒಂದು ಎಂದು ಅದೇ ಪುಸ್ತಕದ 46ನೇ ನಿಯಮದಲ್ಲಿದೆ. ಅದನ್ನು ನಮಗೆ ಯಾವ ಹಿರಿಯರೂ ಓದಿ ಹೇಳಿರಲಿಲ್ಲ!

ಬಾಡಿಗೆಯ ಭಯಕ್ಕೆ ನಿಮ್ಮಂಥ ಸಂಘದ ಹೆಂಗಸರ ಬುದ್ಧಿಯನ್ನೇ ಸಾಲ ಪಡೆದೆ. ನೀವು ಸಾಲ ಕೊಡುವಾಗ 'ಇದು ಮುಳುಗಿದರೆ ಎಷ್ಟು ಮುಳುಗುತ್ತದೆ' ಎಂದು ಮೊದಲು ಕೇಳುತ್ತೀರಲ್ಲ, ಹಾಗೆ. ಒಂದು ಪಾಲಿನ ದಾವೆಯಿಂದ ಬಂದ ಫೀಸಿನಲ್ಲಿ ಆರು ತಿಂಗಳ ಬಾಡಿಗೆ ತೆಗೆದಿಟ್ಟೆ. ಹೊಸ ಪದ್ಧತಿ ಆರು ತಿಂಗಳು ಮಾತ್ರ, ಅದೂ ಜೀವನಾಂಶ ಮತ್ತು ಕೌಟುಂಬಿಕ ದೌರ್ಜನ್ಯದ ಅರ್ಜಿಗಳಿಗೆ ಮಾತ್ರ. ಚೆಕ್ಕು, ಜಮೀನು, ಪಾಲು ಎಲ್ಲ ಹಳೆಯ ದಾರಿಯಲ್ಲೇ. ಮುಳುಗಿದರೆ ಆರು ತಿಂಗಳ ಬಾಡಿಗೆ. ಅಷ್ಟು ಗೊತ್ತಾದ ರಾತ್ರಿ ನಿದ್ದೆ ಬಂತು.

ಬಾಯಿಗಳ ವಿಷಯಕ್ಕೆ ಒಬ್ಬ ಹಿರಿಯಳ ನೆನಪು ಸಹಾಯಕ್ಕೆ ಬಂತು, ಕಾರ್ನೇಲಿಯಾ ಸೊರಾಬ್ಜಿ. 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆ ಬರೆದವರು. ಹೆಂಗಸೆಂಬ ಕಾರಣಕ್ಕೆ ಕೋರ್ಟಿನಲ್ಲಿ ವಾದಿಸುವ ಹಕ್ಕು ಸಿಗಲಿಲ್ಲ. ಆಗ ಅವರು ಪರದೆಯ ಹಿಂದಿದ್ದ, ಆಸ್ತಿಯಿದ್ದೂ ಗಂಡಸು ವಕೀಲರ ಮುಂದೆ ಬರಲಾಗದ ಹೆಂಗಸರನ್ನು ನೆನೆದರು. ಅವರಿಗೆ ಸಲಹೆ ಕೊಡುವ ಕೆಲಸವೊಂದು ಬೇಕು ಎಂದು ಸರ್ಕಾರಕ್ಕೆ ಬರೆದು ಬರೆದು, 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಆ ಹುದ್ದೆಯನ್ನು ಪಡೆದರು. ಹೆಂಗಸರು ವಕೀಲರಾಗಬಹುದೆಂಬ ಕಾಯಿದೆ ಬಂದದ್ದು 1923ರಲ್ಲಿ. ಸ್ವಾತಂತ್ರ್ಯ ಚಳವಳಿಯನ್ನು ವಿರೋಧಿಸಿದ ಅವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ, ಅದು ಬೇರೆ ಮಾತು. ಇಲ್ಲದ ಕೆಲಸವನ್ನೇ ಹುಟ್ಟಿಸಿಕೊಂಡರಲ್ಲ! 'ಹೆಂಗಸರ ವಕೀಲೆ' ಎಂಬ ಮಾತು ಬೈಗುಳ ಯಾಕಾಗಬೇಕು?

ಆರು ತಿಂಗಳಲ್ಲಿ ಆದದ್ದು ಇಷ್ಟು. ಕೆಲವರು ಕಂತು ಬಾಕಿ ಉಳಿಸಿದರು, ಇಬ್ಬರು ಕೊಡಲೇ ಇಲ್ಲ. ಆದರೆ ಫೀಸಿಗೆ ನಾಚಿ ವಾಯಿದೆ ತಪ್ಪಿಸಿದವರು ಒಬ್ಬರೂ ಇಲ್ಲ. ಮೊದಲ ಭೇಟಿಯಲ್ಲೇ ಇನ್ನೊಂದು ಮಾತನ್ನೂ ಹೇಳಲು ಶುರುಮಾಡಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ, ತಾಲ್ಲೂಕು ಸಮಿತಿಗೆ ಹೋಗಿ ಕೇಳಬಹುದು ಎಂದು. ಇದನ್ನು ಹೇಳಿದರೆ ಬಂದವರು ಎದ್ದು ಹೋಗುತ್ತಾರೆ ಎಂದು ಗುಮಾಸ್ತರು ಗೊಣಗಿದರು. ಕೆಲವರು ಹೋದರು. ಹೋಗಲಿ, ಅದು ಅವರ ಹಕ್ಕು. ಹೋದವರೇ ತಂಗಿಯನ್ನು, ಓರಗಿತ್ತಿಯನ್ನು ಕಳಿಸಿದ್ದೂ ಇದೆ.

ಆಮೇಲೆ ಇನ್ನೊಂದು ಹೆಜ್ಜೆ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆಯ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರಂತೆ ಹೆಂಗಸು ತಾನೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಾಯಿದೆ, ಅರವತ್ತು ದಿನದಲ್ಲಿ ಮುಗಿಸುವ ಪ್ರಯತ್ನ ಎಂದು ಬರೆದಿದೆ. ನಡೆಯುವುದು ಹೇಗೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇರಲಿ. ಪೂರ್ತಿ ಕೇಸು ಹಿಡಿಯದೆ ಅರ್ಜಿಯನ್ನಷ್ಟೇ ಬರೆದು, ಓದಿ ಹೇಳಿ, ಅದಕ್ಕಷ್ಟೇ ಫೀಸು ಪಡೆಯಲು ಬುಧವಾರದ ಸಂಜೆಗಳನ್ನು ಇಟ್ಟೆ. ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ಹೇಳಿತು. ಆ ಪ್ರಮಾಣಪತ್ರ ತುಂಬಿಕೊಡುವುದೂ ಈಗ ಬುಧವಾರದ ಕೆಲಸ. ಕೂತ ಕೊಂಬೆ ಕಡಿಯುತ್ತಿದ್ದೀಯ ಎಂದರು ಕೆಲವರು. ಸಾಕ್ಷ್ಯದ ಹಂತ ಬಂದಾಗ ಅವರಲ್ಲಿ ಹಲವರು ನನ್ನನ್ನೇ ಹುಡುಕಿಕೊಂಡು ಬಂದರು.

ಎಲ್ಲವೂ ಕೈಹಿಡಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರ ನಿಯಮಗಳಿವೆ. ಮದುವೆಯಲ್ಲಿ ಹೆಣ್ಣಿಗೆ ಬಂದ ಉಡುಗೊರೆಗಳ ಪಟ್ಟಿ ಮಾಡಬೇಕು. ವಸ್ತು ಯಾವುದು, ಸುಮಾರು ಬೆಲೆಯೆಷ್ಟು, ಕೊಟ್ಟವರು ಯಾರು, ಏನು ನೆಂಟು, ಎಲ್ಲ ಬರೆದು ವಧು ವರರಿಬ್ಬರೂ ಸಹಿ ಹಾಕಬೇಕು. ವರನಿಗೆ ಬಂದದ್ದಕ್ಕೂ ಇಂಥದೇ ಪಟ್ಟಿ. ಮುಂದೆ ಒಡವೆ ವಾಪಸು ಕೇಳುವಾಗ ಆ ಹಾಳೆಯೇ ಬಾಯಿ. ಈ ಪಟ್ಟಿ ಮಾಡಿಕೊಡುತ್ತೇನೆ ಎಂದರೆ ಹಿರಿಯರು ಸಿಡಿದರು, 'ಹಸೆಮಣೆ ಏರುವ ಮುಂಚೆ ಇದೆಂಥ ಅಪಶಕುನದ ಮಾತು' ಎಂದು. ಮೊದಲ ವರ್ಷ ನಾಲ್ಕು ಮನೆ, ಎರಡನೇ ವರ್ಷ ಮೂರು. ಅದನ್ನು ಕಚೇರಿಯ ಕೆಲಸವಾಗಿ ನಿಲ್ಲಿಸಿದೆ. ನಷ್ಟ ಒಂದು ರೀಮು ಕಾಗದ. ಆದರೆ ನಿಮ್ಮ ಸಂಘಗಳಿಗೆ ವಕೀಲರು ಬೇಕಿಲ್ಲ. ಲೆಕ್ಕ ಬರೆಯುವ ಸದಸ್ಯೆಯೇ ಮದುವೆಮನೆಯಲ್ಲಿ ಕೂತು ಬರೆಯಬಹುದು. ಸಹಿ ಬಾರದವರಿಗೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿ, ಓದಿದವರೂ ಸಹಿ ಹಾಕಿದರಾಯಿತು.

ಈಗ ನಿಮ್ಮ ಪ್ರಶ್ನೆಗಳು. ನನ್ನ ಕಾರ್ಡು ಮಾತ್ರ ಕೇಳಬೇಡಿ, 36ನೇ ನಿಯಮ ನೆನಪಿರಲಿ, ಇಂಥ ಸಭೆಗೆ ನಾನು ತರುವುದಿಲ್ಲ. ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬರು ಕೈ ಎತ್ತಿದ್ದರು, ಹಿಟ್ಟಿನ ಗಿರಣಿಯ ಸಾಲದ ಬಗ್ಗೆ ಅನ್ನಿಸುತ್ತದೆ. ಹೇಳಿ ಅಮ್ಮ, ಮುಳುಗಿದರೆ ಎಷ್ಟು?